ಮಿದುಳಿನ ಗಡ್ಡೆಯ ಮೊದಲ ಆಪರೇಷನ್ 1879ರದ್ದೋ 1884ರದ್ದೋ? ಆಮೇಲೂ ಅಷ್ಟೊಂದು ಸಾವು ಯಾಕೆ?

ಪುಟತಿರುವು ಕೇಳಿದ್ದು:

ಮಿದುಳಿನ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯ ಆರಂಭದ ದಿನಗಳ ಬಗ್ಗೆ ಓದುವಾಗ ಎರಡು ಕಡೆ ಗಂಟು ಬಿಡಿಸಲಾಗುತ್ತಿಲ್ಲ.

ಒಂದು: ಮೊದಲಿಗರು ಯಾರು? ಕೆಲವರು ಗ್ಲಾಸ್ಗೋದ ವಿಲಿಯಂ ಮೆಕ್ಯೂವನ್ (1879) ಅನ್ನುತ್ತಾರೆ, ಕೆಲವರು ಲಂಡನ್ನಿನ ರಿಕ್ಮನ್ ಗಾಡ್ಲಿ (1884) ಅನ್ನುತ್ತಾರೆ.

ಎರಡು, ನನಗೆ ನಿಜವಾಗಿ ಬೇಕಿರುವುದು ಇದು. 1846ರಲ್ಲಿ ಅರಿವಳಿಕೆಗೆ ಈಥರ್ ಬಂತು, 1867ರಲ್ಲಿ ಲಿಸ್ಟರ್ ಗಾಯಕ್ಕೆ ಸೋಂಕು ತಗಲದಂತೆ ಕಾಯುವ ಕಾರ್ಬಾಲಿಕ್ ಆಸಿಡ್ ವಿಧಾನ ಪ್ರಕಟಿಸಿದರು, 1870ರಲ್ಲಿ ಫ್ರಿಚ್ ಮತ್ತು ಹಿಟ್ಸಿಗ್ ನಾಯಿಯ ಮಿದುಳಿಗೆ ವಿದ್ಯುತ್ ತಾಗಿಸಿ ಚಲನೆಯ ಜಾಗ ತೋರಿಸಿದರು. ಈ ಮೂರೂ ಕೂಡಿದ್ದರಿಂದ ಮಿದುಳಿನ ಆಪರೇಷನ್ ಸಾಧ್ಯವಾಯಿತು ಅಂತ ಎಲ್ಲ ಕಡೆ ಬರೆದಿರುತ್ತದೆ. ಸರಿ, ಮೂರೂ 1880ಕ್ಕೆ ಮೊದಲೇ ಕೈಯಲ್ಲಿದ್ದವಲ್ಲ? ಹಾಗಿದ್ದೂ 1913ರ ಹೊತ್ತಿಗೆ ಕಿವಿಯ ನರದ ಗಡ್ಡೆ ತೆಗೆಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಸಾಯುತ್ತಿದ್ದರು, ಅದೂ ಯೂರೋಪಿನ ದೊಡ್ಡ ದೊಡ್ಡ ಸರ್ಜನ್‌ಗಳ ಕೈಯಲ್ಲಿ. ಆಪರೇಷನ್ ಮೇಜಿನ ಮೇಲೆ ಏನು ಕೆಡುತ್ತಿತ್ತು?

---

ಬುರುಡೆರೇಖೆ ಉತ್ತರ:

ಮೊದಲನೇ ಪ್ರಶ್ನೆ ಮೊದಲು ಮುಗಿಸೋಣ. ಅದು ಜಗಳವೇ ಅಲ್ಲ. ಇಬ್ಬರೂ ತೆಗೆದದ್ದು ಬೇರೆ ಬೇರೆ ಗಡ್ಡೆ.

ಮೆಕ್ಯೂವನ್ 27 ಜುಲೈ 1879ರಂದು ಆಪರೇಷನ್ ಮಾಡಿದ್ದು 14 ವರ್ಷದ ಹುಡುಗಿಗೆ. ಹಿಂದಿನ ವರ್ಷ ಅವಳ ಎಡಗಣ್ಣಿನ ಗೂಡಿನ ಬಳಿ ಒಂದು ಗಡ್ಡೆ ತೆಗೆದಿದ್ದರು. ಆಮೇಲೆ ಬಲ ಮುಖ, ಬಲಗೈಗೆ ಸೆಳೆತ ಶುರುವಾಯಿತು. ಮೈಯ ಬಲ ಬದಿಯನ್ನು ಆಳುವುದು ಎಡ ಮಿದುಳು, ಅಂದರೆ ತೊಂದರೆ ಎಡ ಮುಂಭಾಗದಲ್ಲಿ. ಬುರುಡೆ ತೆರೆದಾಗ ಮಿದುಳನ್ನು ಸುತ್ತಿರುವ ಡ್ಯೂರಾ ಎಂಬ ಗಟ್ಟಿ ಪೊರೆಗೆ ಅಂಟಿಕೊಂಡು ಹರಡಿದ್ದ ಗಡ್ಡೆ ಸಿಕ್ಕಿತು, ಪೊರೆಯ ಸಮೇತ ತೆಗೆದರು. ಅವಳು ಇನ್ನೂ 8 ವರ್ಷ ಬದುಕಿದಳು, ಕೊನೆಗೆ ಸತ್ತದ್ದು ಮೂತ್ರಪಿಂಡದ ಕಾಯಿಲೆಯಿಂದ. ಇಂದಿನ ಮಾತಿನಲ್ಲಿ ಅದು ಮೆನಿಂಜಿಯೋಮಾ: ಬುರುಡೆಯ ಒಳಗಿದೆ, ಆದರೆ ಮಿದುಳಿನ ಹೊರಗಿದೆ.

ಗಾಡ್ಲಿ ಮಾಡಿದ್ದು 25 ನವೆಂಬರ್ 1884. ರೋಗಿ ಸ್ಕಾಟ್ಲೆಂಡಿನ 25 ವರ್ಷದ ರೈತ. ಗಡ್ಡೆ ಎಲ್ಲಿದೆಯೆಂದು ಹೇಳಿದವರು ಹ್ಯೂಸ್ ಬೆನೆಟ್ ಎಂಬ ವೈದ್ಯರು. ಗಾಡ್ಲಿ ಕತ್ತಿ ಹಿಡಿದವರು ಅಷ್ಟೆ (ಲಿಸ್ಟರ್ ಅವರ ಸೋದರಳಿಯ, ಹಾಗಾಗಿ ಕಾರ್ಬಾಲಿಕ್ ಸ್ಪ್ರೇ ಮರೆಯುವ ಮಾತೇ ಇಲ್ಲ). ಲಕ್ಷಣಗಳು: ಎಡ ಮುಖ ಮತ್ತು ಎಡಗೈಯಲ್ಲಿ ಸೆಳೆತ, ಆಮೇಲೆ ಎಡಗೈ ಬಲಹೀನವಾಗಿ ಕ್ರಮೇಣ ಸ್ವಾಧೀನ ತಪ್ಪಿದ್ದು, ಕಾಲೂ ಸೋತದ್ದು, ತಲೆನೋವು, ವಾಂತಿ, ಎರಡೂ ಕಣ್ಣಿನ ನರದ ತುದಿ ಊದಿದ್ದು. ಬೆನೆಟ್ ಲೆಕ್ಕ: ರೋಲ್ಯಾಂಡೋ ಬಿರುಕಿನ (ಮಿದುಳಿನ ಮೇಲ್ಮೈಯಲ್ಲಿ, ಚಲನೆ ಆಳುವ ಪಟ್ಟಿಯ ಪಕ್ಕದ ಸೀಳು) ಬಳಿ, ಕೈಯನ್ನು ಆಳುವ ಜಾಗದಲ್ಲಿ, ದೊಡ್ಡದಲ್ಲದ ಗಡ್ಡೆ. ಬುರುಡೆ ತೆರೆದು ಡ್ಯೂರಾ ಬಿಡಿಸಿದರೆ ಮೇಲೆ ಗಡ್ಡೆಯೇ ಕಾಣಲಿಲ್ಲ. ಮಿದುಳಿನ ಮೇಲ್ಮೈಯನ್ನು ಕಾಲು ಅಂಗುಲದಷ್ಟು ಸೀಳಿದ ಮೇಲೆ ಅಕ್ರೋಟು ಗಾತ್ರದ ಗ್ಲಯೋಮಾ ಸಿಕ್ಕಿತು. ಅದು ಮಿದುಳಿನ ಒಡಲಲ್ಲೇ ಹುಟ್ಟಿದ್ದು.

ಹೊರಗಿನಿಂದ ಕಣ್ಣಿಗೆ ಯಾವ ಗುರುತೂ ಇಲ್ಲದೆ, ಬರೀ ನರಲಕ್ಷಣಗಳ ಮೇಲೆ ಜಾಗ ಲೆಕ್ಕ ಹಾಕಿ, ಮಿದುಳಿನೊಳಗಿನ ಗಡ್ಡೆ ತೆಗೆದವರಲ್ಲಿ ಗಾಡ್ಲಿ ಮೊದಲಿಗರು. ಬುರುಡೆಯೊಳಗಿನ ಗಡ್ಡೆಯನ್ನು ಆಧುನಿಕ ರೀತಿಯಲ್ಲಿ ತೆಗೆದು ರೋಗಿಯನ್ನು ಉಳಿಸಿದವರಲ್ಲಿ ಮೆಕ್ಯೂವನ್ ಮೊದಲಿಗರು. ಇನ್ನೂ ಹಿಂದಕ್ಕೆ ಹೋಗುವುದಾದರೆ 1835ರಲ್ಲೇ ಸಿಯೆನಾದ ಪೆಕ್ಕಿಯೋಲಿ ಡ್ಯೂರಾದ ಗಡ್ಡೆ ತೆಗೆದು ರೋಗಿಯನ್ನು ಉಳಿಸಿದ್ದರು. ಆಗ ಈಥರೂ ಇಲ್ಲ, ಲಿಸ್ಟರೂ ಇಲ್ಲ.

ಮೆಕ್ಯೂವನ್ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 1876ರಲ್ಲಿ ಒಬ್ಬ ಹುಡುಗನ ಎಡ ಮುಂಭಾಗದಲ್ಲಿ ಕೀವುಗಟ್ಟಿದೆ, ತೆರೆಯುತ್ತೇನೆ ಅಂದರು. ಮನೆಯವರು ಒಪ್ಪಲಿಲ್ಲ. ಹುಡುಗ ಸತ್ತ ಮೇಲೆ ತೆರೆದು ನೋಡಿದರೆ ಅವರು ಹೇಳಿದ ಜಾಗದಲ್ಲೇ ಕೀವು ಇತ್ತು. ಜಾಗ ಹಿಡಿಯುವ ವಿದ್ಯೆಗೆ ಧೈರ್ಯ ಬಂದದ್ದು ಅಲ್ಲಿಂದ.

---

ರೋಮಾಪುರಿ ಉತ್ತರ:

ರೋಮಿನ ಫ್ರಾಂಚೆಸ್ಕೊ ದುರಾಂತೆ ಅವರನ್ನೂ ಸೇರಿಸಿ. ಜೂನ್ 1885, 35ರ ಹೆಂಗಸು. ವಾಸನೆ ಗೊತ್ತಾಗುತ್ತಿರಲಿಲ್ಲ, ಎಡಗಣ್ಣು ಮುಂದಕ್ಕೆ ಚಾಚಿತ್ತು. ಮೂಗಿನ ಮೇಲ್ಭಾಗದ ಬುರುಡೆಯ ತಳದಿಂದ ಬೆಳೆದ ಸೇಬಿನ ಗಾತ್ರದ, ಸುಮಾರು 70 ಗ್ರಾಂ ಗಡ್ಡೆ. ಒಂದು ಗಂಟೆಯಲ್ಲಿ ತೆಗೆದರು. 1896ರಲ್ಲಿ ಗಡ್ಡೆ ಮತ್ತೆ ಬೆಳೆದಾಗ ಎರಡನೇ ಸಲವೂ ತೆಗೆದರು, ಆಗಲೂ ಅವರು ಬದುಕಿದರು. ಗಾಡ್ಲಿಯವರ ರೋಗಿ 28ನೇ ದಿನ ತೀರಿಕೊಂಡ. ಹೆಸರು ಮಾತ್ರ ಲಂಡನ್ನಿಗೆ!

---

ಮೇಣಮತ್ತುಎಲುಬು ಉತ್ತರ:

ಎರಡನೇ ಪ್ರಶ್ನೆಗೆ ಬರುತ್ತೇನೆ. "ಮೂರು ಕೀಲಿಕೈ" ಕಥೆ ಸುಳ್ಳಲ್ಲ, ಅರ್ಧ ಮಾತ್ರ. ಅವು ಬಾಗಿಲು ತೆರೆದವು. ಒಳಗೆ ಹೋದ ಮೇಲೆ ಕಾದಿದ್ದವು ಎರಡು: ರಕ್ತ ಮತ್ತು ಒತ್ತಡ. ಇವೆರಡಕ್ಕೂ 1880ರಲ್ಲಿ ಯಾರ ಬಳಿಯೂ ಒಳ್ಳೆಯ ಉಪಾಯ ಇರಲಿಲ್ಲ.

ಒತ್ತಡದಿಂದ ಶುರು ಮಾಡುತ್ತೇನೆ, ಗಾಡ್ಲಿಯವರ ರೋಗಿಯನ್ನು ಕೊಂದದ್ದೂ ಸುತ್ತುಬಳಸಿ ಅದೇ. ಗಡ್ಡೆ ಇರುವ ತಲೆಯೊಳಗೆ ಎಲ್ಲವೂ ಬಿಗಿದಿರುತ್ತದೆ. ಎರಡು ಅಂಗುಲದ ಕಿಂಡಿ ಕೊರೆದು ಡ್ಯೂರಾ ಬಿಚ್ಚಿದಿರಿ ಅನ್ನಿ, ಮಿದುಳು ಆ ಕಿಂಡಿಯಿಂದ ಹೊರಕ್ಕೆ ಉಬ್ಬಿ ಬರುತ್ತದೆ. ಎಲುಬಿನ ಅಂಚು ಅದರ ಕತ್ತು ಹಿಸುಕಿದ ಹಾಗಾಗಿ ಅಭಿಧಮನಿಗಳು ಮುಚ್ಚಿಕೊಳ್ಳುತ್ತವೆ. ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಇನ್ನಷ್ಟು ಊತ, ಇನ್ನಷ್ಟು ಉಬ್ಬು. ಇನ್ನು ಡ್ಯೂರಾ ಹೊಲಿಯಲು ಆಗುವುದಿಲ್ಲ, ನೆತ್ತಿಯ ಚರ್ಮದ ಹೊಲಿಗೆ ಬಿಗಿಯಾಗಿ ಬಿಟ್ಟುಕೊಳ್ಳುತ್ತದೆ, ಮಿದುಳುಬಳ್ಳಿಯ ದ್ರವ ಸೋರುತ್ತದೆ, ಅದೇ ದಾರಿಯಲ್ಲಿ ಸೋಂಕು ಒಳಗೆ ಹೋಗುತ್ತದೆ. ಹೊರಚಾಚಿ ಕೊಳೆಯುವ ಈ ಮುದ್ದೆಗೆ ಆಗಿನವರು ಅಣಬೆಯ ಹೆಸರಿಟ್ಟಿದ್ದರು. ಗಾಡ್ಲಿಯವರ ರೋಗಿಗೆ ಸೆಳೆತ ನಿಂತಿತ್ತು, ಬುದ್ಧಿ ಸ್ಪಷ್ಟವಾಗಿತ್ತು. ಆಮೇಲೆ ಗಾಯದಲ್ಲಿ ಮಿದುಳು ಹೊರಚಾಚಿತು, ಸೋಂಕು ಮಿದುಳುಪೊರೆಗೆ ಹಬ್ಬಿತು. ಸ್ಪ್ರೇ ಹೊಡೆದರೂ ಗಾಯವೇ ಮುಚ್ಚದಿದ್ದರೆ ಏನು ಪ್ರಯೋಜನ?

ರಕ್ತದ ವಿಷಯ ಪದರ ಪದರವಾಗಿ ನೋಡಬೇಕು.

ನೆತ್ತಿಯ ಚರ್ಮ: ಇಲ್ಲಿನ ರಕ್ತನಾಳಗಳು ಗಟ್ಟಿ ನಾರಿನ ಪದರಕ್ಕೆ ಅಂಟಿಕೊಂಡಿರುತ್ತವೆ, ಕತ್ತರಿಸಿದರೆ ಬೇರೆ ಕಡೆಯ ಹಾಗೆ ಕುಗ್ಗಿ ತಾವಾಗಿ ಮುಚ್ಚಿಕೊಳ್ಳುವುದಿಲ್ಲ. ಮೊದಮೊದಲು ತಲೆಯ ಸುತ್ತ ರಬ್ಬರ್ ಪಟ್ಟಿ ಬಿಗಿಯುತ್ತಿದ್ದರು, ಜಾರುತ್ತಿತ್ತು. ಹೈಡನ್ಹೈನ್ ಎಂಬ ಜರ್ಮನ್ ಸರ್ಜನ್ ಚರ್ಮ ಸೀಳುವ ಮೊದಲೇ ಗೆರೆಯ ಸುತ್ತ ಬಿಗಿ ಹೊಲಿಗೆ ಹಾಕುವ ಉಪಾಯ ತಂದರು. ಕೊನೆಗೆ ನಿಂತ ಕ್ರಮ ಸರಳವಾದದ್ದು: ಸಹಾಯಕ ಬೆರಳುಗಳಿಂದ ಗೆರೆಯ ಎರಡೂ ಕಡೆ ಬುರುಡೆಗೆ ಒತ್ತಿ ಹಿಡಿಯುವುದು, ಸೀಳಿದ ತಕ್ಷಣ ನಾರಿನ ಪದರದ ಅಂಚನ್ನು ಫೋರ್ಸೆಪ್ಸ್‌ನಿಂದ ಹಿಡಿದು ಹಿಂದಕ್ಕೆ ಮಡಚುವುದು. ಆ ಮಡಿಕೆಯೇ ನಾಳಗಳನ್ನು ಒತ್ತುತ್ತದೆ.

ಎಲುಬು: ಬುರುಡೆಯ ಎರಡು ಹಲಗೆಗಳ ನಡುವೆ ಸ್ಪಂಜಿನಂಥ ಪದರವಿದೆ, ಅದರಲ್ಲಿ ಗೋಡೆ ತೆಳುವಾದ ಅಭಿಧಮನಿಗಳು. ಎಲುಬಿನೊಳಗಿನ ನಾಳಕ್ಕೆ ದಾರ ಕಟ್ಟುವುದು ಹೇಗೆ? 1892ರಲ್ಲಿ ಲಂಡನ್ನಿನ ಸರ್ಜನ್ ವಿಕ್ಟರ್ ಹಾರ್ಸ್ಲಿ ಜೇನುಮೇಣ, ಬಾದಾಮಿ ಎಣ್ಣೆ, ಸ್ವಲ್ಪ ಸ್ಯಾಲಿಸಿಲಿಕ್ ಆಸಿಡ್ ಬೆರೆಸಿದ ಮೇಣವನ್ನು ಎಲುಬಿನ ಅಂಚಿಗೆ ಉಜ್ಜಿ ರಂಧ್ರ ಮುಚ್ಚುವುದನ್ನು ತೋರಿಸಿದರು. ಎಣ್ಣೆ ಯಾಕೆಂದರೆ ಬರೀ ಮೇಣ ಬೆರಳಲ್ಲಿ ಪುಡಿಯಾಗುತ್ತದೆ, ಸಂದಿಗೆ ಕೂರುವುದಿಲ್ಲ. ಬೋನ್ ವ್ಯಾಕ್ಸ್ ಅಂತ ಇಂದಿಗೂ ಬಳಸುತ್ತಾರೆ.

ಮಿದುಳು ಮತ್ತು ಗಡ್ಡೆ: ಇದೇ ಕಷ್ಟದ್ದು. ನಾಳಗಳು ತೀರಾ ನವಿರು, ದಾರ ಬಿಗಿದರೆ ಹರಿಯುತ್ತವೆ. ಸ್ಪಂಜಿನಿಂದ ಒತ್ತಿ ಕಾಯುವುದು, ಬಿಸಿ ಉಪ್ಪುನೀರು ಸುರಿಯುವುದು, ಇಲ್ಲವಾದರೆ ಕಾದ ತಂತಿಯಿಂದ ಸುಡುವುದು (ಗಾಡ್ಲಿ ಮಾಡಿದ್ದು ಇದನ್ನೇ). ಇವಿಷ್ಟೇ. ಸುಟ್ಟ ಕರಿಕು ತಂತಿಗೆ ಅಂಟಿ, ತಂತಿ ಎತ್ತಿದಾಗ ಅದೂ ಕಿತ್ತುಬಂದು ಮತ್ತೆ ರಕ್ತ.

ಹಾರ್ಸ್ಲಿಯವರ 1886ರ ಕ್ರಮ ನೋಡಿದರೆ ಈ ಎರಡು ಶತ್ರುಗಳನ್ನು ಅವರು ಎಷ್ಟು ಚೆನ್ನಾಗಿ ಅರಿತಿದ್ದರೆಂದು ಗೊತ್ತಾಗುತ್ತದೆ. ಹಿಂದಿನ ದಿನವೇ ತಲೆ ಬೋಳಿಸಿ, ಮೆತು ಸೋಪಿನಿಂದ, ಆಮೇಲೆ ಈಥರಿನಿಂದ ತೊಳೆದು, 20ರಲ್ಲಿ 1ರ ಕಾರ್ಬಾಲಿಕ್ ದ್ರಾವಣದ ಬಟ್ಟೆ ಸುತ್ತಿ ಕನಿಷ್ಠ 12 ಗಂಟೆ ಬಿಡುವುದು. ಕ್ಲೋರೋಫಾರ್ಮ್‌ಗೆ ಮೊದಲು ಮಾರ್ಫಿನ್ ಕಾಲು ಗ್ರೇನ್ ಚುಚ್ಚುವುದು, ಅದು ಮಿದುಳಿನ ಸಣ್ಣ ಧಮನಿಗಳನ್ನು ಕುಗ್ಗಿಸುತ್ತದೆಂಬ ನಂಬಿಕೆಯಿಂದ. ಚರ್ಮವನ್ನು ಹಳೆಯ ಕೂಡುಗೆರೆಯ (+) ಆಕಾರದಲ್ಲಿ ಅಲ್ಲ, ಅರ್ಧಚಂದ್ರವಾಗಿ ಸೀಳುವುದು: ಕೂಡುಗೆರೆಯ ನಾಲ್ಕು ತುದಿಗಳಿಗೂ ರಕ್ತ ಸರಿಯಾಗಿ ಹರಿಯುವುದಿಲ್ಲ, ಜೊತೆಗೆ ಅವು ಸೇರುವ ಬಿಂದು ನೇರ ಕಿಂಡಿಯ ಮೇಲೇ ಬರುತ್ತದೆ. ಡ್ಯೂರಾವನ್ನು ಎಲುಬಿನ ಅಂಚಿನಿಂದ ಸುಮಾರು ಎಂಟನೇ ಒಂದು ಅಂಗುಲ ಬಿಟ್ಟು, ಸುತ್ತಳತೆಯ ಐದರಲ್ಲಿ ನಾಲ್ಕು ಪಾಲು ಮಾತ್ರ ಕತ್ತರಿಸುವುದು, ಮತ್ತೆ ಹೊಲಿಯಲು ಅಂಚು ಸಿಗಬೇಕಲ್ಲ. ಮಿದುಳಿಗೆ ಕತ್ತಿ ಹಾಕಿದರೆ ಮೇಲ್ಮೈಗೆ ಲಂಬವಾಗಿಯೇ ಹಾಕುವುದು, ಓರೆ ಹೋದರೆ ಒಳಗಿನ ನಾರು ಮತ್ತು ನಾಳ ಎರಡೂ ಅಡ್ಡಲಾಗಿ ಕಡಿಯುತ್ತವೆ.

---

ಪುಟತಿರುವು:

ತುಂಬಾ ಉಪಯೋಗವಾಯಿತು. ಒಂದು ಕೇಳಲೇ? ಮಿದುಳಿನಲ್ಲಿ ಜಾಗ ಎಲ್ಲಿ ಅಂತ ಗೊತ್ತಾದರೂ, ಆ ಜಾಗ ಬುರುಡೆಯ ಹೊರಮೈಯಲ್ಲಿ ಎಲ್ಲಿಗೆ ಬರುತ್ತದೆ ಅಂತ ಹೇಗೆ ಗುರುತಿಸುತ್ತಿದ್ದರು? ಎಕ್ಸ್-ರೇ ಬಂದದ್ದೇ 1895ರಲ್ಲಿ.

---

ಬುರುಡೆರೇಖೆ:

ಟೇಪು ಮತ್ತು ಒಂದು ಚೌಕ ಕಾಗದ!

ಹುಬ್ಬುಗಳ ನಡುವಿನ ಉಬ್ಬಿನಿಂದ ಹಿಂದಲೆಯ ಮೂಳೆಯುಬ್ಬಿನ ತನಕ ನೆತ್ತಿಯ ನಡುಗೆರೆಯಲ್ಲಿ ಅಳೆಯಿರಿ. ಅದರ ಸರಿ ಅರ್ಧಕ್ಕೆ ಗುರುತು ಹಾಕಿ, ಅಲ್ಲಿಂದ ಅರ್ಧ ಅಂಗುಲ ಹಿಂದಕ್ಕೆ ಬನ್ನಿ. ರೋಲ್ಯಾಂಡೋ ಬಿರುಕಿನ ಮೇಲಿನ ತುದಿ ಅಲ್ಲಿದೆ. ಅಲ್ಲಿಂದ ಬಿರುಕು ಮುಂದಕ್ಕೂ ಕೆಳಕ್ಕೂ ಇಳಿಯುತ್ತದೆ, ನಡುಗೆರೆಯ ಜೊತೆ ಸುಮಾರು 67 ಡಿಗ್ರಿ ಕೋನ ಮಾಡಿ, ಸುಮಾರು 8.5 ಸೆಂಟಿಮೀಟರ್ ಉದ್ದ. ಕೋನ ಅಳೆಯುವ ಉಪಕರಣ ಇಲ್ಲವೇ? ಎಡಿನ್‌ಬರೋದ ಜಾನ್ ಚೀನ್ ಹೇಳಿಕೊಟ್ಟ ಉಪಾಯ: ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿ, 45 ಡಿಗ್ರಿ ಬಂತು. ಅದನ್ನು ಮತ್ತೆ ಅರ್ಧ ಮಡಿಸಿ, 22.5. ಈಗ ಮೊದಲ ಮಡಿಕೆ ಬಿಚ್ಚಿದರೆ 45 ಮತ್ತು 22.5 ಸೇರಿ 67.5. ಕಾಗದದ ಒಂದು ಅಂಚು ನಡುಗೆರೆಗೆ ಕೂರಿಸಿ, ಇನ್ನೊಂದರ ಗುಂಟ ಗೆರೆ ಎಳೆಯಿರಿ.

ಆ ಗೆರೆಯ ಮೇಲೆ, ಮೇಲಿನಿಂದ ಕೆಳಕ್ಕೆ, ಕಾಲು, ಕೈ, ಮುಖ. ಸೆಳೆತ ಎಲ್ಲಿಂದ *ಶುರುವಾಗುತ್ತದೆ* ಎನ್ನುವುದೇ ಮುಖ್ಯ, ಎಲ್ಲಿಗೆ ಹಬ್ಬುತ್ತದೆ ಎನ್ನುವುದಲ್ಲ. ಲಂಡನ್ನಿನ ನರವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಹೇಳಿದ್ದು ಇದನ್ನೇ. ಹೆಬ್ಬೆರಳಿನಿಂದ ಶುರುವಾದರೆ ಗೆರೆಯ ನಡುಭಾಗದಲ್ಲಿ, ಕಾಲ್ಬೆರಳಿನಿಂದಾದರೆ ನಡುಗೆರೆಯ ಹತ್ತಿರ. (ನಡುಗೆರೆಗೆ ತೀರಾ ಹತ್ತಿರ ಕೊರೆದರೆ ಕೆಳಗೆ ದೊಡ್ಡ ರಕ್ತನಾಲೆಯಿದೆ, ಅದು ಹರಿದರೆ ಕತೆ ಮುಗಿಯಿತು.)

ಈಗ ಇದರ ಮಿತಿ. ಕೈಕಾಲು ಆಳುವ ಪಟ್ಟಿ ಮಿದುಳಿನ ಒಂದು ಸಣ್ಣ ಪಾಲು. ಗಡ್ಡೆ ಮುಂಭಾಗದಲ್ಲೋ ಬಲ ಪಕ್ಕದಲ್ಲೋ ಇದ್ದರೆ ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ. ಆಮೇಲೆ ಕಾಣುವ ಲಕ್ಷಣವೂ ದಾರಿ ತಪ್ಪಿಸುತ್ತದೆ: ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೇ ನರ ಒಟ್ಟು ಒತ್ತಡಕ್ಕೇ ಸೋಲುತ್ತದೆ, ಗಡ್ಡೆ ಅದರ ಹತ್ತಿರ ಇರಬೇಕೆಂದೇನಿಲ್ಲ. ಹಾಗಾಗಿ ಎಷ್ಟೋ ಸಲ ತೆರೆದರೆ ಗಡ್ಡೆಯೇ ಇಲ್ಲ, ಉಬ್ಬಿದ ಮಿದುಳು ಮಾತ್ರ. ಎಕ್ಸ್-ರೇ ಬಂದ ಮೇಲೂ ಸುಣ್ಣಗಟ್ಟಿದ ಗಡ್ಡೆ, ಸವೆದ ಎಲುಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಅದು ಬದಲಾದದ್ದು 1918ರಲ್ಲಿ ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿಯಿಂದ. ಬುರುಡೆಗೆ ಸಣ್ಣ ರಂಧ್ರ ಕೊರೆದು, ಮಿದುಳಿನ ಕುಹರಕ್ಕೆ ಸೂಜಿ ಇಳಿಸಿ, ದ್ರವವನ್ನು ಸ್ವಲ್ಪ ಸ್ವಲ್ಪವೇ ತೆಗೆದು ಅಷ್ಟಕ್ಕೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುವುದು. ಗಾಳಿ ಕಪ್ಪಗೆ ಕಾಣುತ್ತದೆ. ಕುಹರ ಒಂದು ಕಡೆಗೆ ಸರಿದಿದ್ದರೆ ಗಡ್ಡೆ ಎದುರು ಕಡೆ. ಒಂದು ಭಾಗ ತುಂಬದೇ ಹೋದರೆ ಗಡ್ಡೆ ಅಲ್ಲೇ. ಒಂದೇ ತೊಂದರೆ, ಗಾಳಿ ತುಂಬಿದ ಮೇಲೆ ಒತ್ತಡ ಇದ್ದಕ್ಕಿದ್ದಂತೆ ಏರಬಹುದು, ಆದ್ದರಿಂದ ಚಿತ್ರ ನೋಡಿ ಅದೇ ದಿನ ಆಪರೇಷನ್ ಮಾಡುವ ತಯಾರಿ ಇರಬೇಕು. ಇಂಥ ರೋಗಿಗೆ ಸೊಂಟದಿಂದ ದ್ರವ ತೆಗೆಯುವುದಂತೂ ಇನ್ನೂ ಅಪಾಯ: ಕೆಳಗೆ ಒತ್ತಡ ಬಿದ್ದರೆ ಮಿದುಳು ಬುರುಡೆಯ ತಳದ ರಂಧ್ರಕ್ಕೆ ಬಿರಟೆಯಂತೆ ಇಳಿದು ಉಸಿರು ನಿಲ್ಲುತ್ತದೆ.

---

ಬೆಳ್ಳಿಕೊಕ್ಕೆ ಉತ್ತರ:

ಮೇಲಿನವರು ಹೇಳಿದ ರಕ್ತ, ಒತ್ತಡ ಎರಡಕ್ಕೂ ಉತ್ತರ ಹೇಗೆ ಬಂತು ಅನ್ನುವುದನ್ನು ಸೇರಿಸುತ್ತೇನೆ.

ಮೊದಲ ಸುಧಾರಣೆ ಕಿಂಡಿಯ ಬದಲು ಬಾಗಿಲು. 1889ರಲ್ಲಿ ವಿಲ್ಹೆಲ್ಮ್ ವಾಗ್ನರ್ ಎಲುಬಿನ ತುಂಡನ್ನು ಬೇರ್ಪಡಿಸದೆ ಚರ್ಮ, ಸ್ನಾಯುವಿನ ಜೊತೆಗೇ ಕದದಂತೆ ತೆರೆದು ಮತ್ತೆ ಮುಚ್ಚಿದರು. ಆದರೆ ಉಳಿ ಸುತ್ತಿಗೆಯಲ್ಲಿ ಕಡಿಯುವುದು ನಿಧಾನ, ಪ್ರತಿ ಏಟೂ ಮಿದುಳಿಗೆ ತಾಗುತ್ತದೆ. ಲಿಯೊನಾರ್ಡೊ ಜಿಲಿ 1894ರಲ್ಲಿ ಹೆರಿಗೆಗಾಗಿ ಸೊಂಟದ ಎಲುಬು ಕೊಯ್ಯಲು ಮಾಡಿದ್ದ ತಂತಿ ಗರಗಸ 1897ರಲ್ಲಿ ತಲೆಗೆ ಬಂತು. ನಾಲ್ಕೈದು ರಂಧ್ರ ಕೊರೆದು, ಒಂದರಿಂದ ಇನ್ನೊಂದಕ್ಕೆ ಡ್ಯೂರಾದ ಮೇಲೆ ತೆಳು ಲೋಹದ ಪಟ್ಟಿ ತೂರಿಸಿ, ಅದರ ಮೇಲೆ ತಂತಿ ಎಳೆದು ಒಳಗಿನಿಂದ ಹೊರಗೆ ಕೊಯ್ಯುವುದು. ಎರಡು ಎಚ್ಚರಿಕೆ: ಕೈಗಳ ನಡುವೆ ಕೋನ ಅಗಲವಾಗಿರಬೇಕು, ಕಿರಿದಾದರೆ ತಂತಿ ಮಡಚಿ, ಬಿಸಿಯಾಗಿ ಪಟ್ಟನೆ ತುಂಡಾಗುತ್ತದೆ. ಕೊಯ್ತ ಓರೆಯಾಗಿರಬೇಕು, ಅಂದರೆ ಹೊರ ಅಂಚು ಅಗಲ, ಒಳ ಅಂಚು ಕಿರಿದು. ನೇರ ಕೊಯ್ದರೆ ಮುಚ್ಚುವಾಗ ಎಲುಬು ಒಳಕ್ಕೆ ಕುಸಿದು ಮಿದುಳನ್ನೇ ಒತ್ತುತ್ತದೆ.

ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್ ಅವರ ಹೆಸರು ಇಲ್ಲಿ ತಪ್ಪಿಸಲಾಗದು. 1905ರಲ್ಲಿ ಅವರು ತೋರಿಸಿದ್ದು ಗಡ್ಡೆ ಸಿಗದಿದ್ದರೆ ಮಾಡಬೇಕಾದ್ದು: ಕಿವಿಯ ಮೇಲಿನ ಕಣತಲೆಯ ಸ್ನಾಯುವನ್ನು ನಾರಿನ ಗುಂಟ ಬಿಡಿಸಿ, ಕೆಳಗಿನ ಎಲುಬು ತೆಗೆದು, ಡ್ಯೂರಾ ತೆರೆದು, ಸ್ನಾಯುವನ್ನು ಮತ್ತೆ ಹೊಲಿಯುವುದು. ಮಿದುಳು ಉಬ್ಬುತ್ತದೆ, ಆದರೆ ಸ್ನಾಯು ಅದನ್ನು ತಡೆಹಿಡಿಯುತ್ತದೆ, ಅಣಬೆಯಾಗುವುದಿಲ್ಲ. ತಲೆನೋವು ಇಳಿಯುತ್ತದೆ, ಮುಖ್ಯವಾಗಿ ಕಣ್ಣು ಉಳಿಯುತ್ತದೆ. ರೋಗ ವಾಸಿಯಾಗುವುದಿಲ್ಲ, ಸಮಯ ಸಿಗುತ್ತದೆ.

ಅವರೇ 1901ರಲ್ಲಿ ಇಟಲಿಯ ರಿವಾ-ರೊಚ್ಚಿ ರಕ್ತದೊತ್ತಡ ಪಟ್ಟಿಯನ್ನು ಅಮೆರಿಕಕ್ಕೆ ಒಯ್ದದ್ದು. ತಲೆಯೊಳಗಿನ ಒತ್ತಡ ಏರಿದರೆ ನಾಡಿ ನಿಧಾನವಾಗಿ ರಕ್ತದೊತ್ತಡ ಏರುತ್ತದೆ ಎನ್ನುವುದನ್ನು ಬರ್ನ್‌ನಲ್ಲಿ ಅವರೇ ಪ್ರಯೋಗದಲ್ಲಿ ಕಂಡಿದ್ದರು. ಪಟ್ಟಿ ಕಟ್ಟಿದರೆ ಮೇಜಿನ ಮೇಲೆ ಕೆಡುವುದು ಮೊದಲೇ ಗೊತ್ತಾಗುತ್ತದೆ. ಕ್ಲೋರೋಫಾರ್ಮ್ ರಕ್ತದೊತ್ತಡ ಇಳಿಸಿ ರಕ್ತಸ್ರಾವ ಕಡಿಮೆ ಮಾಡುತ್ತದೆ, ಆದರೆ ಹೃದಯ ನಿಲ್ಲಿಸಬಹುದು. ಈಥರ್ ಅಷ್ಟು ಕೊಲ್ಲುವುದಿಲ್ಲ, ಆದರೆ ಕೆಮ್ಮು, ತಿಣುಕುವಿಕೆ ಬಂದರೆ ಮಿದುಳು ತಕ್ಷಣ ಊದುತ್ತದೆ. ಹೀಗಾಗಿಯೇ ಬುರುಡೆ ಮಾತ್ರ ತೆರೆದು ಹೊಲಿದು, ವಾರದೊಳಗೆ ಮತ್ತೆ ತೆರೆದು ಗಡ್ಡೆ ತೆಗೆಯುವ ಎರಡು ಕಂತಿನ ಆಪರೇಷನ್ ಬಳಕೆಗೆ ಬಂತು.

1911ರಲ್ಲಿ ಬೆಳ್ಳಿ ಕ್ಲಿಪ್. ಚಪ್ಪಟೆ ಬೆಳ್ಳಿ ತಂತಿಯ ಪುಟ್ಟ ಕೊಕ್ಕೆಗಳು, ತುದಿಯಲ್ಲಿ ತೋಡು ಕೊರೆದ ಫೋರ್ಸೆಪ್ಸ್‌ನಲ್ಲಿ ಹಿಡಿದು ನಾಳದ ಮೇಲೆ ಒತ್ತಿದರೆ ಮುಗಿಯಿತು. ದಾರ ಹೋಗದ ಆಳಕ್ಕೂ ಹೋಗುತ್ತದೆ. ಒಳಗೇ ಬಿಡುತ್ತಾರೆ, ಮುಂದೆ ಎಕ್ಸ್-ರೇಯಲ್ಲಿ ಕ್ಲಿಪ್ ಸರಿದಿರುವುದು ಕಂಡರೆ ಗಡ್ಡೆ ಮತ್ತೆ ಬೆಳೆದಿದೆ ಅಂತ ಗುರುತು.

ಈಗ ನಿಮ್ಮ 1913ರ ಕಿವಿನರದ ಗಡ್ಡೆ. ಅಲ್ಲಿ ಕೊಂದದ್ದು ಬೆರಳು. ಕಿರಿದಾದ ಕಿಂಡಿ, ಆಳ, ಎದುರಿಗೆ ಉಬ್ಬಿದ ಕಿರುಮಿದುಳು. ಸರ್ಜನ್ ಬೆರಳು ತೂರಿಸಿ ಗಡ್ಡೆಯನ್ನು ಸುತ್ತಿ ಕಿತ್ತು ತೆಗೆಯುತ್ತಿದ್ದರು. ಗಡ್ಡೆಯ ಹೊರಪೊರೆಗೆ ಮಿದುಳುಕಾಂಡದ ನಾಳಗಳು ಅಂಟಿರುತ್ತವೆ, ಬೆರಳಿಗೆ ಅದು ತಿಳಿಯದು. ಕಿತ್ತ ಕ್ಷಣ ಉಸಿರಾಟದ ಕೇಂದ್ರಕ್ಕೆ ಪೆಟ್ಟು, ಅಥವಾ ಕೈಗೆಟುಕದ ಜಾಗದಲ್ಲಿ ರಕ್ತ. ಕುಶಿಂಗ್ 1917ರಲ್ಲಿ ಹೇಳಿದ್ದು: ಹಿಂದಲೆಯ ಎರಡೂ ಬದಿ ಅಗಲವಾಗಿ ತೆರೆಯಿರಿ, ಪೊರೆ ಸೀಳಿ ಒಳಗಿನ ತಿರುಳನ್ನು ಮಾತ್ರ ಚಮಚದಲ್ಲಿ ತೆಗೆಯಿರಿ, ಪೊರೆ ಹಾಗೇ ಬಿಡಿ. ಸಾವು ಶೇ. 20ರ ಆಸುಪಾಸಿಗೆ ಇಳಿಯಿತು. ಡ್ಯಾಂಡಿಗೆ ಇದು ಸಾಲದು, ಉಳಿದ ಪೊರೆಯಿಂದ ಮತ್ತೆ ಬೆಳೆಯುತ್ತದೆ. ಅವರು ಮೊದಲು ತಿರುಳು ಬರಿದುಮಾಡಿ, ಆಮೇಲೆ ಕುಸಿದ ಪೊರೆಯನ್ನು ಕಣ್ಣಿಗೆ ಕಾಣುವಂತೆ ನಿಧಾನವಾಗಿ ಬಿಡಿಸಿ ಪೂರ್ತಿ ತೆಗೆದರು. ನನ್ನ ಅಭಿಪ್ರಾಯದಲ್ಲಿ ಡ್ಯಾಂಡಿ ಸರಿ, ಆದರೆ ಕುಶಿಂಗ್ ತೋರಿಸಿದ ತಾಳ್ಮೆ ಇಲ್ಲದೆ ಅದು ಆಗುತ್ತಿರಲಿಲ್ಲ.

---

ಮೇಣಮತ್ತುಎಲುಬು:

ಬೆಳ್ಳಿಕೊಕ್ಕೆ ಅವರೇ, ಒಂದು ಸೇರ್ಪಡೆ. ಕ್ಲಿಪ್ ನಾಳ ಕಣ್ಣಿಗೆ ಕಂಡರೆ ಮಾತ್ರ. ಗಡ್ಡೆಯ ಮೈಯೆಲ್ಲ ಜಿನುಗುವ ರಕ್ತಕ್ಕೆ ಅದು ಏನೂ ಮಾಡದು. ಅಲ್ಲಿಗೆ ಹಾರ್ಸ್ಲಿ ಹಸಿ ಸ್ನಾಯುವಿನ ತುಂಡು ಒತ್ತುತ್ತಿದ್ದರು. ಸ್ನಾಯುವಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಗುಣವಿದೆ. ಅದೂ ಸಾಲದ ಗಡ್ಡೆಗಳಿಗೆ ಉತ್ತರ ಬಂದದ್ದು 1 ಅಕ್ಟೋಬರ್ 1926ರಂದು, ಬೋವಿ ಎಂಬ ಭೌತವಿಜ್ಞಾನಿಯ ವಿದ್ಯುತ್ ಯಂತ್ರದಿಂದ. ಕೆಲವೇ ದಿನ ಮೊದಲು ರಕ್ತ ನಿಲ್ಲದೆ ಅರ್ಧಕ್ಕೆ ಮುಚ್ಚಿದ್ದ ತಲೆಯ ಗಡ್ಡೆಯನ್ನು ಅಂದು ಕುಶಿಂಗ್ ಪೂರ್ತಿ ತೆಗೆದರು. ಕೊಯ್ಯಲು ಒಂದು ಬಗೆಯ ಪ್ರವಾಹ, ಹೆಪ್ಪುಗಟ್ಟಿಸಲು ಇನ್ನೊಂದು, ತಿರುಳು ತೋಡಲು ತಂತಿಯ ಕುಣಿಕೆ. ಹಿಂದೆ ಕೈಬಿಟ್ಟಿದ್ದ ರೋಗಿಗಳನ್ನು ಮತ್ತೆ ಕರೆಸಿಕೊಂಡರು.

ಅದರಲ್ಲೂ ಎಡವಟ್ಟು ಇತ್ತು. ಲೋಹದ ಉಪಕರಣಕ್ಕೆ ತಾಗಿದರೆ ಸರ್ಜನ್‌ಗೇ ಶಾಕ್. ಕಿಡಿ ಹಾರುವ ಕಡೆ ಈಥರ್ ಆವಿ ಇದ್ದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹಣೆಯ ಎಲುಬಿನ ಗಾಳಿಗೂಡು ತೆರೆದುಕೊಂಡಿರುವಾಗ ಮುಖವಾಡದಿಂದ ಈಥರ್ ಕೊಡುತ್ತಾ ಬೋವಿ ಹಚ್ಚುವಂತಿಲ್ಲ, ಮೂಗಿನಿಂದ ಆ ಗೂಡಿಗೆ ನೇರ ದಾರಿಯಿದೆ.